ಹೆಣದ ಪಾತ್ರ

ಹಾಸನದಲ್ಲಿ ಮೂರು ದಿನದ ತರಬೇತಿ,
ಕೊಲೆ ತನಿಖೆ ಮಾಡುವ ಅಧಿಕಾರಿಗಳಿಗೆ.
ನಾನು ಅಧಿಕಾರಿಯಲ್ಲ. ಅರಸೀಕೆರೆಯ ಪಿಸಿ, ನಂಬರು ನಾನೂರ ಹದಿನೇಳು,
ಸಾಹೇಬರ ಜೀಪಿನಲ್ಲಿ ಫೈಲು ಹೊತ್ತು ಬಂದವನು.
ಪ್ಲಾಸ್ಟಿಕ್ ಗೊಂಬೆ ಮೈಸೂರಿನಿಂದ ಬರಲಿಲ್ಲವಂತೆ.
‘ಓಬಳೇಶ, ನೀನೇ ಮಲಗಯ್ಯ’ ಅಂದರು.
ಮಲಗಿದೆ.

ಬಲಗೈ ತಲೆಯ ಮೇಲಕ್ಕೆ, ಎಡಗಾಲು ಮಡಿಸಿ,
ಸುತ್ತ ಸೀಮೆಸುಣ್ಣದ ಗೆರೆ ಎಳೆದರು.
ಕಂಕುಳ ಹತ್ತಿರ ಬಂದಾಗ ಕಚಗುಳಿ.
ನಗಬಾರದು. ಸತ್ತಿದ್ದೇನೆ.
ನೆಲದಿಂದ ನೋಡಿದರೆ ಇಲಾಖೆಯೆಲ್ಲ ಬೂಟೇ:
ಸಕಲೇಶಪುರದ್ದು ಇನ್ನೂ ಒಣಗಿಲ್ಲ,
ಹೊಳೆನರಸೀಪುರದ್ದು ಹೊಸದು, ಕಿರುಗುಟ್ಟುತ್ತದೆ.

ಅಂತಪ್ಪ ಸಾಹೇಬರು, ರಿಟೈರ್ಡು, ಕೋಲಿನಿಂದ ನನ್ನ ಅಂಗೈ ತೋರಿಸಿ
‘ಮೊದಲು ನಿಮ್ಮ ಕೈ ಜೇಬಿಗೆ ಹಾಕಿಕೊಳ್ಳಿ, ಏನೂ ಮುಟ್ಟಬೇಡಿ.
ಹೆಣ ಮಾತಾಡುತ್ತೆ. ಕೇಳೋಕೆ ಕಿವಿ ಬೇಕು’ ಅಂದರು.
ಎಲ್ಲರೂ ಬರೆದುಕೊಂಡರು.
ಮೂವತ್ತು ಪೆನ್ನಿನ ಸದ್ದು, ಒಣಗಿದೆಲೆ ಮೇಲೆ ಇರುವೆ ಸಾಲು ಹೋದ ಹಾಗೆ.

ನನಗೆ ಒಂದು ಹೆಣ ಗೊತ್ತು.
ಹೋದ ವರ್ಷ ಮಾಘದಲ್ಲಿ, ಬಾಣಾವರದ ಆಚೆ, ಹಳಿ ಬದಿ.
ರೈಲ್ವೆಯವರು ಟೇಪು ಹಿಡಿದು ಅಳೆದು
‘ಕಲ್ಲಿನಿಂದ ಎರಡಡಿ ಆಚೆಗಿದೆ, ನಿಮ್ಮದೇ’ ಅಂದು ಹೋದರು.
ರಾತ್ರಿ ಪೂರ್ತಿ ನಾನೇ ಕಾವಲು,
ನಾಯಿಗೆಂದು ಕಲ್ಲು ಗುಡ್ಡೆ ಮಾಡಿಕೊಂಡು,
ಗೂಡ್ಸು ಹೋದಾಗ ಹೊದಿಸಿದ ಬಟ್ಟೆ ಹಾರದ ಹಾಗೆ
ನಾಲ್ಕು ಮೂಲೆಗೂ ಜಲ್ಲಿ ಇಟ್ಟು.
ಚಳಿಗೋ ಭಯಕ್ಕೋ ಹಲ್ಲು ಕಟಕಟ.
ಅವಳನ್ನೇ ಮಾತಾಡಿಸಿದೆ: ಯಾವೂರವ್ವ ನಿಂದು?
ಕಿವಿ ಇತ್ತು ನನಗೆ. ಅವಳು ಹೇಳಲಿಲ್ಲ.
ಕತ್ತಿನ ಗುರುತು ಡಾಕ್ಟರು ಬರೆದರು.
ಹೆಸರಿನ ಜಾಗದಲ್ಲಿ ರೈಟರು ಅಡ್ಡಗೆರೆ ಎಳೆದರು.

ಹನ್ನೊಂದೂವರೆಗೆ ಟೀ.
‘ನೀನು ಏಳಬೇಡಪ್ಪ, ಗೆರೆ ಅಳಿಸುತ್ತೆ.’
ಉದ್ದಿನವಡೆಯ ವಾಸನೆ ನನ್ನ ಮೂಗಿನ ಮೇಲೇ ಸುಳಿದಾಡಿತು.
ಪರಸ್ಪರ ಪರಿಚಯ, ಹದಿನೈದು ನಿಮಿಷ,
ಎಂದು ವೇಳಾಪಟ್ಟಿಯಲ್ಲೇ ಇತ್ತು.
ಯಾರ ಬ್ಯಾಚು, ಯಾರ ಷಡ್ಡಕ, ಯಾರಿಗೆ ವರ್ಗ,
ನಂಬರು ಕೊಡಿ, ಮಿಸ್ ಕಾಲ್ ಕೊಡ್ತೀನಿ.

ನನ್ನ ತಲೆ ಹತ್ತಿರ ಎರಡು ಜೊತೆ ಬೂಟು ಬಂದು ನಿಂತವು.
ಒಂದು ನಮ್ಮ ಸಾಹೇಬರದು.
ಇನ್ನೊಂದು ಚಿಕ್ಕದು, ಕಡೂರಿನ ಭ್ರಮರಾಂಬ ಮೇಡಂ.
‘ಒಂದು ಕಾಣೆಯಾದ ಕೇಸು ಸಾರ್. ತಾಯಿ ಪ್ರತಿ ಸೋಮವಾರ
ಸೊಪ್ಪು ಮಾರಿ, ಖಾಲಿ ಬುಟ್ಟಿ ಜೊತೆ ಸ್ಟೇಷನ್ ಮೆಟ್ಟಿಲ ಮೇಲೆ ಕೂರ್ತಾಳೆ.
ಮಗಳ ಗುರುತು ಹೇಳಮ್ಮ ಅಂದ್ರೆ ಬರೀ ಚಪ್ಪಲಿ ಹೇಳ್ತಾಳೆ,
ಒಂದಕ್ಕೆ ನೀಲಿ ಬಾರು, ಒಂದಕ್ಕೆ ಹಸ್ರು, ನಾನೇ ಹಾಕ್ಸಿದ್ದು, ಅಂತ.’
ಸಾಹೇಬರು ‘ಅಯ್ಯೋ ಪಾಪ’ ಅಂದರು, ವಡೆ ಮುರಿದರು.

ಕಡೂರಿಗೂ ಬಾಣಾವರಕ್ಕೂ ನಡುವೆ ಜಿಲ್ಲೆಯ ಗಡಿ.
ರೈಲು ಅದನ್ನು ಕೂಗದೆಯೇ ದಾಟುತ್ತದೆ.
ಕಾಗದ ಹದಿನಾಲ್ಕು ತಿಂಗಳಾದರೂ ದಾಟಿರಲಿಲ್ಲ.

‘ಮೇಡಂ’ ಅಂದೆ, ನೆಲದಿಂದ.
ಅವರ ಟೀ ನನ್ನ ಎದೆ ಮೇಲೆ ಚೆಲ್ಲಿತು.
‘ಎಡಗಾಲಿಂದು ನೀಲಿ ಮೇಡಂ. ನಮ್ಮ ಮಾಲುಖಾನೆಲಿದೆ.
ಮೇಲಿನ ಅಟ್ಟ, ರಟ್ಟಿನ ಡಬ್ಬ. ನಾನೇ ಚೀಟಿ ಅಂಟಿಸಿದ್ದು.’

ಯಾರೂ ನಗಲಿಲ್ಲ.
ಅಂತಪ್ಪ ಸಾಹೇಬರು ಏನೋ ಹೇಳಲು ಬಾಯಿ ತೆರೆದು, ಮುಚ್ಚಿದರು.
ಮೇಡಂ ಗೆರೆ ತುಳಿದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು
ಮೆಲ್ಲಗೆ ಹೆಸರು ಹೇಳಿದರು: ಸಿದ್ಧಗಂಗಿ.
ನಾನು ಅವಳ ಕಡೆ ನೆಂಟನೋ ಎಂಬ ಹಾಗೆ.

ಮೂರನೇ ದಿನ ಸರ್ಟಿಫಿಕೇಟು ಕೊಟ್ಟರು.
ನನ್ನ ಹೆಸರಿರಲಿಲ್ಲ; ಹೆಣಕ್ಕೆ ಕಾಲಂ ಇಲ್ಲ.
ಕುರ್ಚಿ ಜೋಡಿಸಿ, ನೆಲ ಒರೆಸಲು ಬಕೆಟ್ಟು ತಂದೆ.
ಗೆರೆಯೊಳಗೆ ನನ್ನಷ್ಟೇ ಉದ್ದದ ಖಾಲಿ ಇನ್ನೂ ಮಲಗಿತ್ತು,
ಕಿವಿಯ ಹತ್ತಿರ ಮಾತ್ರ ಸುಣ್ಣ ಅಳಿಸಿ.

ಸೋಮವಾರ ಡಬ್ಬ ಹಿಡಿದು ಕಡೂರಿಗೆ ನಾನೇ ಹೋಗಬೇಕು.
ತೋರಿಸಬಹುದು, ಕೊಡುವ ಹಾಗಿಲ್ಲ.
ಕೇಸು ಮುಗಿಯುವವರೆಗೆ ಅದು ಚಪ್ಪಲಿಯಲ್ಲ, ಮಾಲು.
ಅವ್ವನಿಗೆ ಇದನ್ನು ಹೇಗೆ ಹೇಳುವುದು
ಎಂದು ಮೂರು ದಿನದಲ್ಲಿ ಯಾರೂ ಪಾಠ ಮಾಡಲಿಲ್ಲ.